ಹೇಮಿಷನ ಎಡಗೈ

ಫುಟ್‌ಬಾಲ್ ಪಂದ್ಯದಲ್ಲಿ ನಾನು ಗೋಲ್‌ಕೀಪರನನ್ನೇ ನೋಡುತ್ತ ಕೂರುವುದಕ್ಕೆ ಕಾರಣ ಭಕ್ತಿಯಲ್ಲ. ಚೆಂಡು ಎಲ್ಲಿದೆಯೆಂದು ನನ್ನ ಕನ್ನಡಕಕ್ಕೆ ಗೊತ್ತಾಗುವಷ್ಟರಲ್ಲಿ ಅದು ಬೇರೆಲ್ಲೋ ಇರುತ್ತದೆ. ಗೋಲ್‌ಕೀಪರನಾದರೋ ಬೇರೆ ಬಣ್ಣದ ಅಂಗಿ ತೊಟ್ಟು ಇದ್ದಲ್ಲೇ ಇರುತ್ತಾನೆ.

ಹೀಗೆ ಕಣ್ಣಿಗೆ ಬಿದ್ದವನು ಹೇಮಿಷ್. ಎರಡು ಸಾವಿರದ ಇಸವಿಯ ಆಚೀಚೆ, ನಾನಾಗ ಇದ್ದ ಬರ್ಮಿಂಗ್‌ಹ್ಯಾಮಿನ ಪಕ್ಕದ ಸಣ್ಣ ಕ್ಲಬ್ಬೊಂದಕ್ಕೆ ಬಂದಿದ್ದ ಸ್ಕಾಟ್ಲೆಂಡಿನವನು. ಹದಿಹರೆಯದಲ್ಲೇ ಊರು ಬಿಟ್ಟವನ ವೃತ್ತಿಜೀವನದ ಬಹುಪಾಲು ಮೈದಾನದ ಅಂಚಿನ ಬೆಂಚಿನ ಮೇಲೆ ಕಳೆದಿತ್ತು. ಎರಡನೆಯ ಗೋಲ್‌ಕೀಪರನ ಕೆಲಸವೆಂದರೆ, ಪಂದ್ಯಕ್ಕೆ ಮುಂಚೆ ಮೊದಲನೆಯವನತ್ತ ಚೆಂಡು ಒದ್ದು ಅವನ ಕೈ ಪಳಗಿಸಿ, ಆಮೇಲೆ ಕೋಟು ಹೊದ್ದು ಕೂರುವುದು. ಮದುಮಗನಿಗೆ ಪೇಟ ಕಟ್ಟಿ ಹಿಂದೆ ಸರಿಯುವ ಸೋದರಮಾವನಂತೆ. ಮ್ಯಾಂಚೆಸ್ಟರ್, ಲೀಡ್ಸ್ ಕಡೆಯ ಊರುಗಳಲ್ಲಿ ಹೀಗೆ ಕೂತೆದ್ದು, ತಲೆ ನರೆಯುವ ಹೊತ್ತಿಗೆ ಅವನಿಗೆ ನಮ್ಮಲ್ಲಿ ಮೊದಲನೆಯ ಸ್ಥಾನ ಸಿಕ್ಕಿತ್ತು.

ಪತ್ರಿಕೆಯವನಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಗೋಲು ಹೊಡೆದವನ ಹೆಸರು ನಿಮಿಷದ ಸಮೇತ ಅಚ್ಚಾಗುತ್ತದೆ. ತಡೆದವನದು ಆಗುವುದಿಲ್ಲ. ಬಿಟ್ಟವನದು ದಪ್ಪಕ್ಷರದಲ್ಲಿ ಆಗುತ್ತದೆ.

ಆ ವರ್ಷದ ಕೊನೆಯ ಪಂದ್ಯಕ್ಕೆ ನನ್ನನ್ನು ಕರೆದೊಯ್ದವರು ಅಲ್ಲೇ ಎಜ್‌ಬಾಸ್ಟನ್ನಿನಲ್ಲಿ ಮೂಳೆ ಡಾಕ್ಟರಾಗಿದ್ದ ಧಾರವಾಡದ ಕುಲಕರ್ಣಿ. ಸೋತರೆ ಕ್ಲಬ್ಬು ಕೆಳಗಿನ ದರ್ಜೆಗೆ ಇಳಿಯುತ್ತಿತ್ತು. ಹೇಮಿಷನ ಕರಾರೂ ಆ ಬೇಸಿಗೆಗೆ ಮುಗಿಯುತ್ತಿತ್ತು. ಇಳಿದ ಕ್ಲಬ್ಬು ನರೆಗೂದಲಿನವನನ್ನು ಉಳಿಸಿಕೊಳ್ಳುವುದಿಲ್ಲ.

ದ್ವಿತೀಯಾರ್ಧದಲ್ಲಿ ಅವನೊಮ್ಮೆ ಎದುರಾಳಿಯ ಕಾಲಿಗೆ ಅಡ್ಡವಾಗಿ ಹಾರಿಬಿದ್ದು ಚೆಂಡು ಹಿಡಿದ. ಅಲ್ಲಿಯವರೆಗೆ ಬಂದದ್ದನ್ನೆಲ್ಲ ಎದೆಗೆ ಅವಚಿಕೊಳ್ಳುತ್ತಿದ್ದವನು, ಆಮೇಲೆ ಮುಂಗೈಯಿಂದ, ಭುಜದಿಂದ, ಮೊಣಕಾಲಿನಿಂದ ದೂರ ತಳ್ಳತೊಡಗಿದ. "ವಯಸ್ಸಾಯ್ತು, ಪಾಪ" ಎಂದೆ. ಡಾಕ್ಟರು ಮುಂದಕ್ಕೆ ಬಾಗಿ ಅವನ ಕೈಯನ್ನೇ ನೋಡುತ್ತಿದ್ದರು.

ಗೋಲಿಲ್ಲದೆ ಪಂದ್ಯ ಮುಗಿಯಿತು; ಕ್ಲಬ್ಬು ಉಳಿಯಿತು. ಎದುರಾಳಿ ನಾಯಕ ಬಂದು ಬಲಗೈ ಚಾಚಿದ. ಹೇಮಿಷ್ ಎಡಗೈಯ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಎಡಗೈ ಕೊಟ್ಟ. ಅಂಗಡಿಯವನಿಗೆ ಚಿಲ್ಲರೆಯನ್ನೂ ಎಡಗೈಯಲ್ಲಿ ಕೊಡಬಾರದೆಂದು ಬೈಸಿಕೊಂಡು ಬೆಳೆದವನು ನಾನು.

"ಸೊಕ್ಕು ನೋಡಿ ಡಾಕ್ಟ್ರೇ! ಎಡಗೈ ಕೊಡ್ತಾನೆ!"

"ಏನ್ ಪೇಪರ್‌ನವ್ರೋ ನೀವು! ಬಲಗೈ ಬೆರಳು ಮುರದದ ಅವಂದು. ಅರ್ಧ ತಾಸಿಂದ ನೋಡ್ಲಿಕ್ಕತ್ತೀನಿ. ಸಬ್‌ಸ್ಟಿಟ್ಯೂಟ್ ಎಲ್ಲಾ ಮುಗದಾವ. ಇಂವ ಹೊರಗ ಹೋದ್ರ ಗೋಲ್ ಕಾಯೋರು ಯಾರ್ರೀ?"

"ಮತ್ತೆ ನನಗೆ ಹೇಳಬಾರದಿತ್ತೇ?"

"ಹೇಳಿದ್ರ ನೀವು ಕೂಗ್ತಿದ್ರಿ. ಆ ಕಡೆಯವ್ರಿಗೆ ಗೊತ್ತಾಗ್ತಿತ್ತು."

ಕನ್ನಡದಲ್ಲಿ ಕೂಗಿದರೂ ಗೊತ್ತಾಗುತ್ತಿತ್ತೇ ಎಂದು ಕೇಳುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಎರಡು ಮೂಲಗಳಿಂದ ಖಚಿತವಾಗದ್ದನ್ನು ನಾನು ನಂಬುವುದಿಲ್ಲ. ಎರಡನೆಯ ಮೂಲ ಮುಂದಿನ ವಾರದ ಸ್ಥಳೀಯ ಪತ್ರಿಕೆಯಲ್ಲಿ ಸಿಕ್ಕಿತು: ಇನ್ನೊಂದು ವರ್ಷದ ಕರಾರಿಗೆ ಹೇಮಿಷ್ ಸಹಿ ಹಾಕುತ್ತಿರುವ ಸಣ್ಣ ಫೋಟೊ. ಬಲಗೈಗೆ ಪ್ಲಾಸ್ಟರು, ಪೆನ್ನು ಎಡಗೈಯಲ್ಲಿ.

ಡಾಕ್ಟರು ಅದನ್ನು ಎಕ್ಸ್‌ರೇಯಂತೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಪ್ಲಾಸ್ಟರ್ ಛಲೋ ಹಾಕ್ಯಾರ" ಎಂದರು. ಗೌರವ ಮಾತಿಗೆ ಮೀರಿದಾಗ ಮನುಷ್ಯ ತನ್ನ ಕಸುಬಿನ ಮಾತಿಗೆ ಇಳಿಯುತ್ತಾನೆ. ನಾನೂ ನನ್ನ ಕಸುಬಿಗೆ ಇಳಿದೆ.

"ಫೋಟೊ ಇನ್ನೂ ದೊಡ್ಡದಾಗಿ ಹಾಕಬೇಕಿತ್ತು" ಎಂದೆ.