ಉಲ್ಟಾ ಆಂಟಿಯ ಕಲ್ಲುಬೆಂಚು

ನಾನು ತೀರಿಕೊಂಡ ವಿಷಯ ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ, ನಮ್ಮ ಪಾರ್ಕಿನಲ್ಲಿ. ಬೆಳಿಗ್ಗೆ ಎದ್ದು ಕಾಫಿ ಕುಡಿದು, ಊರುಗೋಲು ಹಿಡಿದು ಮನೆಯಿಂದ ಹೊರಟಾಗ ಅಂಥ ಸೂಚನೆ ಏನೂ ಇರಲಿಲ್ಲ. ಸಾಯುವವರಿಗೆ ಮುಂಚೆಯೇ ಒಂದು ಸುಳಿವು ಸಿಗುತ್ತದೆ ಅನ್ನುತ್ತಾರೆ. ನನಗೆ ಸತ್ತು ಎಷ್ಟೋ ವಾರಗಳಾದ ಮೇಲೆ, ಅದೂ ಬೇರೆಯವರ ಬಾಯಿಂದ ತಿಳಿಯಿತು.

ಪಾರ್ಕು ಅಂದರೆ ದೊಡ್ಡದೇನೋ ಎಂದು ಕಲ್ಪಿಸಿಕೊಳ್ಳಬೇಡಿ. ಕಮ್ಮನಹಳ್ಳಿ ಮುಖ್ಯರಸ್ತೆಯ ಗಲಾಟೆಗೆ ಬೆನ್ನು ಹಾಕಿ ಎರಡು ಗಲ್ಲಿ ದಾಟಿದರೆ ಸಿಗುವ ಮೂರು ಮೂಲೆಯ ಜಾಗ. ಒಂದು ಗೇಟು, ಒಂದು ಭಾರಿ ಮಳೆಮರ, ಕೊಂಬು ಮುರಿದ ಸಿಮೆಂಟಿನ ಜಿಂಕೆ, ಇಲ್ಲಿ ಏನೇನು ಮಾಡಬಾರದು ಎಂದು ತಿಳಿಸುವ ಆಳೆತ್ತರದ ಬೋರ್ಡು. ಸುತ್ತಲೂ ನಡೆಯುವ ದಾರಿ. ಆ ದಾರಿಯಲ್ಲಿ ಊರಿಗೆ ಊರೇ ಮಳೆಮರವನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತದೆ. ನಾನೊಬ್ಬಳು ಎಡಕ್ಕೆ ಇಟ್ಟುಕೊಂಡು ಸುತ್ತುತ್ತೇನೆ.

ಇದರ ಹಿಂದೆ ಸಿದ್ಧಾಂತ ಗಿದ್ಧಾಂತ ಏನಿಲ್ಲ. ಮೊದಲ ದಿನ ಗೇಟಿನ ಎಡಗಡೆ ಒಂದು ನಾಯಿ ಮಲಗಿತ್ತು, ನಾನು ಬಲಕ್ಕೆ ತಿರುಗಿದೆ. ನಾಯಿ ಎದ್ದು ಹೋಯಿತು, ಅಭ್ಯಾಸ ಉಳಿಯಿತು. ದೇವರಿಗೆ ಪ್ರದಕ್ಷಿಣೆ ಬಲಕ್ಕೆ, ಅಪ್ರದಕ್ಷಿಣೆ ಏನಿದ್ದರೂ ಪಿತೃಕಾರ್ಯಕ್ಕೆ ಎಂದು ಶಾಸ್ತ್ರ ಬಲ್ಲ ನನ್ನ ಅತ್ತಿಗೆ ಗದರಿಸಿದ್ದೂ ಉಂಟು. ಪಾರ್ಕಿನಲ್ಲಿ ಯಾವ ದೇವರು ಎಂದು ನಾನು ನಕ್ಕುಬಿಟ್ಟಿದ್ದೆ. ಈಗ ಅತ್ತಿಗೆಯ ಮಾತು ನೆನೆದರೆ ಎದೆ ಝಲ್ಲೆನ್ನುತ್ತದೆ.

ಉಲ್ಟಾ ನಡೆಯುವುದರಲ್ಲಿ ಒಂದು ಸುಖವಿದೆ. ಮಿಕ್ಕವರು ಮುಂದಿನವರ ಬೆನ್ನು ನೋಡುತ್ತಾ ನಡೆದರೆ ನನಗೆ ಎಲ್ಲರ ಮುಖ ಸಿಗುತ್ತದೆ. ಒಂದು ಕಷ್ಟವೂ ಇದೆ. ಎದುರು ಬರುವವರ ಮಾತು ಕಿವಿಗೆ ಬೀಳುವುದು ಒಂದೇ ಒಂದು ತುಂಡು, ಮುಂದಿನ ತುಂಡಿಗೆ ಅರ್ಧ ಸುತ್ತು ಕಾಯಬೇಕು. ಅಷ್ಟರಲ್ಲಿ ಅವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಈ ಪಾರ್ಕಿನ ಇತಿಹಾಸವನ್ನು ನಾನು ಕಲಿತದ್ದೂ ಹಾಗೆಯೇ. “ಇಲ್ಲಿ ನಮ್ಮ ಚಿಕ್ಕಪ್ಪನ ಸೊಪ್ಪಿನ ತೋಟ ಇತ್ತು, ಕೊತ್ತಂಬರಿ ಅಂದ್ರೆ” ಎಂದು ಒಬ್ಬ ತಮಿಳು ಅಜ್ಜಿ ದಾಟಿಹೋದರು. “ಜಟಕಾ ಕುದುರೆಗಳಿಗೆ ನೀರು ಕುಡಿಸೋ ತೊಟ್ಟಿ ಇದೇ ಮರದ ಕೆಳಗೆ” ಎಂದು ಒಬ್ಬ ಸಾಹೇಬರು ದಾಟಿದರು. ಬ್ರಿಟಿಷರ ಕಾಲದಲ್ಲಿ ಗೋರಾ ಸಿಪಾಯಿಗಳು ಇಲ್ಲಿ ಹಾಕಿ ಆಡುತ್ತಿದ್ದರಂತೆ. ಇಲ್ಲ, ಬಟ್ಟೆ ಒಣಗಿಸುತ್ತಿದ್ದರಂತೆ. ಹೀಗೆ ತುಂಡುಗಳನ್ನು ಜೋಡಿಸಿಕೊಂಡ ನನ್ನ ತಲೆಯಲ್ಲಿ ಇಂದಿಗೂ ಕೊತ್ತಂಬರಿ ಮಡಿಯ ನಡುವೆ ಕುದುರೆಗಳು ಹಾಕಿ ಆಡುತ್ತಿವೆ.

ಯಾರ ಮಂಡಿ ಸವೆದಿದೆ, ಯಾರ ಸೊಸೆ ಬೇರೆ ಮನೆ ಮಾಡಿದ್ದಾಳೆ, ಯಾರ ಸಕ್ಕರೆ ಏರಿದೆ, ಎಲ್ಲ ನನಗೆ ಗೊತ್ತು. ಗೊತ್ತಿಲ್ಲದ್ದು ಹೆಸರು. ಎಷ್ಟೋ ವರ್ಷಗಳಿಂದ ದಿನವೂ ಎದುರಾಗುವ ಮುಖಗಳಿಗೆ ನಾನೇ ಮನಸ್ಸಿನಲ್ಲಿ ಹೆಸರಿಟ್ಟುಕೊಂಡಿದ್ದೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬರುವವರು ಟವೆಲ್ ಮಾಮ. ರಂಜಾನ್ ತಿಂಗಳಲ್ಲಿ ಎಲ್ಲರ ಅಂಗೈಗೂ ಖರ್ಜೂರ ಇಡುವ, ಜಟಕಾ ಕುದುರೆಯ ಕಥೆಯ ಆ ಸಾಹೇಬರು ಖರ್ಜೂರದ ಸಾಹೇಬರು. ಅವರೂ ನನಗೊಂದು ಹೆಸರು ಇಟ್ಟಿರಬಹುದು ಎಂದು ಒಮ್ಮೆಯೂ ನನಗೆ ಹೊಳೆಯಲಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು, ಹೆಸರಿಲ್ಲದ ಪುಸ್ತಕವನ್ನು ಕಪಾಟಿಗೇ ಸೇರಿಸುತ್ತಿರಲಿಲ್ಲ!

ಈ ವರ್ಷ ಬೇಸಿಗೆಗೆ ಮುಂಚೆ ಅಡುಗೆಮನೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಆಂಬುಲೆನ್ಸ್ ಬಂತು, ಆಪರೇಷನ್ ಆಯಿತು, ಆಮೇಲೆ ತಿಂಗಳುಗಟ್ಟಲೆ ಮಂಚವೇ ಗತಿ. ಮಳೆ ಶುರುವಾದ ಮೇಲೆ, ಒಂದು ದಿನ, ಕೋಲೂರುತ್ತಾ ಪಾರ್ಕಿಗೆ ಬಂದೆ. ಮಳೆಮರದ ಕೆಳಗೆ ಹೊಸದೊಂದು ಕಲ್ಲುಬೆಂಚು ಹಾಕಿದ್ದರು. ನಮ್ಮ ಪಾರ್ಕಿನ ಬೆಂಚುಗಳೆಲ್ಲ ತೀರಿಕೊಂಡವರ ಹೆಸರಿನವು, ಒರಗುವ ಕಲ್ಲಿನ ಮೇಲೆ ಕೆತ್ತಿಸಿರುತ್ತಾರೆ. ಪಾಪ, ಯಾರು ಹೋದರೋ, ಕಾಲಿಗೆ ವಿಶ್ರಾಂತಿ ಕೊಟ್ಟು ಆಮೇಲೆ ಓದೋಣ ಎಂದುಕೊಂಡು ಕುಳಿತೆ. ಕೂರುವ ಜಾಗದಲ್ಲಿ ನಾಲ್ಕು ಕಣಗಿಲೆ ಹೂ ಇದ್ದವು, ಪಕ್ಕಕ್ಕೆ ಸರಿಸಿದೆ.

ಆಗ ಪೊರಕೆ ಬಿದ್ದ ಸದ್ದಾಯಿತು. ಪಾರ್ಕು ಗುಡಿಸುವ ಶರಣಮ್ಮ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಕಲಬುರಗಿ ಕಡೆಯವಳು, ಹಿಂದಿನ ಗಲ್ಲಿಯಲ್ಲಿ ಬಾಡಿಗೆ ಕೋಣೆ.

“ಯವ್ವಾ ಯವ್ವಾ! ನೀವು ಸತ್ತೀರಂತಲ್ರೀ!”

“ಯಾರು ಹೇಳಿದ್ದು?” ಎಂದೆ. ಇಂಥ ಹೊತ್ತಿನಲ್ಲಿ ಏನು ಕೇಳಬೇಕೆಂದು ಯಾರೂ ಹೇಳಿಕೊಟ್ಟಿಲ್ಲ ನೋಡಿ.

“ಎಲ್ಲಾರೂ ಅಂದ್ರು. ದಿನಾ ಮುಂಜಾನೆ ನಿಮಗ ನಾ ಹೂವು ಇಡ್ಲಾಕತ್ತೀನ್ರೀ! ಹಿಂದ ತಿರುಗಿ ನೋಡ್ರಿ, ನಿಮ್ಮ ಹೆಸರೇ ಅದ ಅಂತ.”

ತಿರುಗಿ ನೋಡಿದೆ. ಕರಿಕಲ್ಲಿನ ಮೇಲೆ ದುಂಡು ಅಕ್ಷರಗಳಲ್ಲಿ ಕೆತ್ತಿತ್ತು: ಉಲ್ಟಾ ಆಂಟಿಯವರ ಸವಿನೆನಪಿಗಾಗಿ, ಬೆಳಗಿನ ಗೆಳೆಯರು.

ನನಗೆ ಸತ್ತದ್ದಕ್ಕಿಂತ ಹೆಚ್ಚು ಆಘಾತವಾದದ್ದು ಆ ಹೆಸರಿನಿಂದ, ಸುಳ್ಳು ಹೇಳುವುದಿಲ್ಲ. ಉಲ್ಟಾ ಆಂಟಿ! ಹಿಂದಿನ ಕಾಲದಲ್ಲಿ ಹಸುಗಳನ್ನು ಕಾಪಾಡಲು ಹೋರಾಡಿ ಮಡಿದವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಸೂರ್ಯಚಂದ್ರರು ಇರುವವರೆಗೂ ನಿಲ್ಲಲಿ ಎಂದು ಶಾಸನ ಬರೆಸುತ್ತಿದ್ದರು. ಸೂರ್ಯಚಂದ್ರರು ಇರುವವರೆಗೂ ನಾನು ಮಾತ್ರ ತಪ್ಪು ದಿಕ್ಕಿನಲ್ಲಿ ನಡೆದವಳು.

ಅಷ್ಟು ಹೊತ್ತಿಗೆ ನಡೆಯುವವರ ಮೆರವಣಿಗೆ ಬಂದು ನನ್ನ ಮುಂದೆ ಗಕ್ಕನೆ ನಿಂತಿತು. ಟವೆಲ್ ಮಾಮನ ಮುಖ ಬಿಳಿಚಿಕೊಂಡಿತ್ತು. ಅವರು ತಡವರಿಸುತ್ತಾ ಹೇಳಿದ್ದು ಇಷ್ಟು: ನಮ್ಮ ಗಲ್ಲಿಗೆ ಆಂಬುಲೆನ್ಸ್ ಬಂದದ್ದನ್ನು ಯಾರೋ ನೋಡಿದ್ದರು. ಒಂದು ವಾರದ ಮೇಲೆ ಅದೇ ಗಲ್ಲಿಯ ಬಾಯಲ್ಲಿ ಬೆಂಕಿ ಹಾಕಿ, ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ಅದು ನಾಲ್ಕನೇ ಮನೆಯ ಅಜ್ಜನಿಗೆ ಎಂದು ನನಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ನಾನಂತೂ ಪಾರ್ಕಿಗೆ ಬರುತ್ತಿರಲಿಲ್ಲ. ಒಂದಕ್ಕೆ ಒಂದು ಕೂಡಿಸಿ ನನ್ನನ್ನು ಕಳೆದುಬಿಟ್ಟರು.

“ಮನೆಗೆ ಬಂದು ವಿಚಾರಿಸಬಾರದಿತ್ತೇ?”

“ಯಾವ ಮನೆ ಅಂತ ವಿಚಾರಿಸೋದು ಆಂಟಿ? ಹೆಸರು ಗೊತ್ತಿರ್ಲಿಲ್ವಲ್ಲ. ಖರ್ಜೂರದ ಸಾಹೇಬ್ರೇ ಮುಂದೆ ನಿಂತು ಬೆಂಚು ಮಾಡಿಸಿದ್ರು. ದಿನಾ ಮುಖ ತೋರಿಸ್ತಾ ಇದ್ದವರು, ಮರೆತುಬಿಟ್ರೆ ನಾವು ಮನುಷ್ಯರಾ ಅಂತ ಅತ್ತೇಬಿಟ್ರು.”

ಅವರನ್ನೂ ಎಲ್ಲರೂ ಖರ್ಜೂರದ ಸಾಹೇಬರು ಎಂದೇ ಕರೆಯುತ್ತಿದ್ದರು! ನನಗಾಗಿ ಒಬ್ಬರು ಅತ್ತಿದ್ದಾರೆ ಎಂದು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಎಲ್ಲಿ ಸಾಹೇಬರು ಎಂದು ಕೇಳಿದೆ.

“ಅವರೂ ಬರ್ತಾ ಇಲ್ಲ ಆಂಟಿ, ಸುಮಾರು ದಿನ ಆಯ್ತು” ಎಂದರು ಟವೆಲ್ ಮಾಮ. ಆಮೇಲೆ ದನಿ ತಗ್ಗಿಸಿ, “ವಯಸ್ಸಾಗಿತ್ತಲ್ಲ. ನಿಮ್ಮ ಪಕ್ಕದಲ್ಲೇ ಅವರಿಗೂ ಒಂದು ಬೆಂಚು ಹಾಕಿಸೋಣ ಅಂತ ಮಾತಾಡ್ಕೊಂಡಿದೀವಿ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಬದುಕಿರುವ ನನ್ನ ಮುಂದೆ ನಿಂತೇ ಇನ್ನೊಬ್ಬರನ್ನು ಸಾಯಿಸಲು ಹೊರಟಿದ್ದಾರಲ್ಲ ಎಂದು ಬೆಚ್ಚಿದೆ. ಅದಕ್ಕಿಂತ ಭಯವಾದದ್ದು, ಈ ಸಲ ಅವರ ಲೆಕ್ಕ ಸರಿಯಿದ್ದರೆ ಏನು ಗತಿ ಎಂದು. ನನಗಾಗಿ ಅತ್ತ ಮನುಷ್ಯ ನಾನು ಬದುಕಿದ್ದೇನೆಂದು ತಿಳಿಯದೆಯೇ ಹೋಗಿಬಿಟ್ಟಿದ್ದರೆ? ಖಂಡಿತ ಬೆಂಚು ಬೇಡ, ನಾನು ಹುಡುಕುತ್ತೇನೆ ಎಂದೆ.

ಹೆಸರು ತಿಳಿಯದ ಮನುಷ್ಯನನ್ನು ಹುಡುಕುವುದು ಹೇಗೆ? ಫ್ರೇಜರ್ ಟೌನ್ ಕಡೆಯಿಂದ ಬರುತ್ತಾರೆ ಎಂಬ ಒಂದು ತುಂಡು ಮಾತು ಮಾತ್ರ ನನ್ನ ಹತ್ತಿರ ಇತ್ತು. ಆಟೋ ಹತ್ತಿ ಹೋಗಿ, ಮಸೀದಿಯ ಹತ್ತಿರದ ಬೇಕರಿಯೊಂದರ ಮುಂದೆ ಇಳಿದೆ. ಬಿಳಿ ಗಡ್ಡ, ಎತ್ತರದ ಆಳು, ರಂಜಾನಿನಲ್ಲಿ ಎಲ್ಲರಿಗೂ ಖರ್ಜೂರ ಕೊಡುತ್ತಾರೆ ಎಂದು ಗುರುತು ಹೇಳಿದೆ. ಬೇಕರಿಯಾತ ಬನ್ನು ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ಕರುಣೆಯಿಂದ ನೋಡಿದ.

“ಅಮ್ಮಾ, ರಂಜಾನ್‌ನಲ್ಲಿ ಈ ರೋಡಲ್ಲಿ ಯಾರು ಖರ್ಜೂರ ಕೊಡಲ್ಲ ಹೇಳಿ? ಗಡ್ಡ ನಮ್ಮ ಅಬ್ಬಾಗೂ ಇದೆ. ಹೆಸರೇನು ಹೇಳಿ, ಅರ್ಧ ನಿಮಿಷಕ್ಕೆ ಕರ್ಕೊಂಡು ಹೋಗಿ ಬಿಡ್ತೀನಿ.”

ಅರ್ಧ ನಿಮಿಷದ ಕೆಲಸ. ಇಷ್ಟು ವರ್ಷದಲ್ಲಿ ಒಂದು ಸಲ “ನಿಮ್ಮ ಹೆಸರೇನು ಸಾಹೇಬರೇ” ಎಂದು ಕೇಳಿದ್ದರೆ ಸಾಕಿತ್ತು. ಅವರ ಕುದುರೆಯ ಕಥೆ ಗೊತ್ತು, ಮಂಡಿಯ ನೋವು ಗೊತ್ತು, ನಗುವಾಗ ಎಡಗಣ್ಣು ಮುಚ್ಚಿಹೋಗುವುದು ಗೊತ್ತು. ನಾಚಿಕೆಯಾಯಿತು. ಒಂದು ಬನ್ನು ಕೊಂಡು ವಾಪಸು ಬಂದೆ.

ಆಮೇಲೆ ನನಗೆ ತೋಚಿದ್ದು ಒಂದೇ ದಾರಿ. ದಿನವೂ ಬೆಳಿಗ್ಗೆ ನನ್ನ ಸ್ಮಾರಕದ ಮೇಲೆ ಕುಳಿತು ಗೇಟನ್ನೇ ನೋಡುವುದು. ಪಾರ್ಕಿಗೆ ಹೊಸದಾಗಿ ಬಂದವರು ಕಲ್ಲನ್ನು ಓದಿ, “ನಿಮಗೆ ಅವರ ಪರಿಚಯ ಇತ್ತಾ?” ಎಂದು ಮರುಕದಿಂದ ಕೇಳುತ್ತಿದ್ದರು. ಅಷ್ಟಕ್ಕಷ್ಟೇ ಎನ್ನುತ್ತಿದ್ದೆ. ನಡುನಡುವೆ ಟವೆಲ್ ಮಾಮ ಬಂದು ಕಲ್ಲು ಕೆತ್ತುವವನಿಗೆ ಹೇಳಿಬಿಡಲೇ ಎಂದು ಕಣ್ಣಲ್ಲೇ ಕೇಳುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ, ಅಲ್ಲಾಡಿಸುವಾಗ ನನ್ನ ಧೈರ್ಯ ದಿನೇ ದಿನೇ ಕಡಿಮೆಯಾಗುತ್ತಿತ್ತು.

ಒಂದು ಶುಕ್ರವಾರ, ಸಣ್ಣ ಹನಿ ಬೀಳುತ್ತಿರುವಾಗ, ಗೇಟಿನಲ್ಲಿ ಒಂದು ಎತ್ತರದ ಆಕಾರ ಕಾಣಿಸಿತು. ಬಿಳಿ ಗಡ್ಡ, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ನಾನು ಎದ್ದು ನಿಂತೆ. ಅವರು ನಾಲ್ಕು ಹೆಜ್ಜೆ ಬಂದು, ನನ್ನನ್ನು ಕಂಡು, ಸಿಮೆಂಟಿನ ಜಿಂಕೆಯ ಕತ್ತನ್ನು ಬಿಗಿಯಾಗಿ ಹಿಡಿದುಕೊಂಡರು. ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು.

“ಯಾ ಅಲ್ಲಾ! ಅಮ್ಮಾ, ನಿಜ ಹೇಳ್ಬಿಡಿ. ಈ ಕಡೆಯವ್ರು ಸರಿಯಾಗಿ ಕಾಣ್ಲಿ ಅಂತ ಕಣ್ಣು ಆಪರೇಷನ್ ಮಾಡಿಸ್ಕೊಂಡೆ. ಡಾಕ್ಟರ್ ಸಾಬ್ ಆ ಕಡೆಯವ್ರನ್ನೂ ತೋರಿಸ್ತಾ ಇದಾರೆ!”

ಧೂಳಿಗೆ ಹೋಗಬಾರದೆಂದು ವಾರಗಟ್ಟಲೆ ಮನೆಯಲ್ಲಿ ಕೂರಿಸಿದ್ದರಂತೆ, ಅಷ್ಟೇ. ನಾನು ಇಷ್ಟು ದಿನ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಕೃತಜ್ಞತೆಯ ಮಾತೆಲ್ಲ ಮರೆತುಹೋಯಿತು. ಬಾಯಿಂದ ಬಂದದ್ದು ಒಂದೇ ಪ್ರಶ್ನೆ: “ಮೊದಲು ನಿಮ್ಮ ಹೆಸರು ಹೇಳಿ!”

“ರಹಮತುಲ್ಲಾ” ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ. “ನಿಮ್ಮದು?”

“ಜಲಜಾಕ್ಷಿ.”

“ಅಯ್ಯೋ, ಇಷ್ಟು ಚೆನ್ನಾಗಿರೋ ಹೆಸರು ಬಿಟ್ಟು ನಾವು ಏನು ಕೆತ್ತಿಸ್ಬಿಟ್ವಿ” ಎಂದು ಹಣೆ ಚಚ್ಚಿಕೊಂಡು, ಆಮೇಲೆ ಎಡಗಣ್ಣು ಮುಚ್ಚಿ ನಕ್ಕರು. ನಾನೂ ನಕ್ಕೆ. ಇಬ್ಬರ ಕಣ್ಣಲ್ಲೂ ನೀರಿತ್ತು. ಅವರು ಆಪರೇಷನ್ನಿನ ನೆಪ ಹೇಳಿದರು, ನನಗೆ ನೆಪ ಸಿಗಲಿಲ್ಲ.

ಬೆಂಚನ್ನು ಏನು ಮಾಡುವುದು? ಕಲ್ಲು ಕೆತ್ತುವವನನ್ನು ಕರೆಸಿದರು. ಒಮ್ಮೆ ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ, ಬೇಕಾದರೆ ಸೇರಿಸಬಹುದು ಎಂದ. ಏನು ಸೇರಿಸಬೇಕು ಎಂಬ ಬಗ್ಗೆ ಪಾರ್ಕಿನಲ್ಲಿ ಜೋರು ಚರ್ಚೆ ನಡೆಯಿತು. ನನ್ನ ನಿಜವಾದ ಹೆಸರು ಹಾಕಿಸಿ ಎಂದವರು ಹೆಚ್ಚು. ಬೇಡ ಎಂದೆ, ಆ ಹೆಸರಿನವಳನ್ನು ಇವರು ಯಾರೂ ನೋಡಿಯೇ ಇರಲಿಲ್ಲ. ಕಡೆಗೆ ನಾನು ಹೇಳಿದ ಎರಡೇ ಪದಗಳನ್ನು ಕೆಳಗೆ ಕೆತ್ತಿದ.

ಮರುದಿನ ಶರಣಮ್ಮ ಕಣಗಿಲೆ ಹಿಡಿದು ಬಂದಾಗ ನಾನು ಬೆಂಚಿನ ಮುಂದೆ ನಿಂತಿದ್ದೆ. ಅವಳಿಗೆ ಓದಲು ಬರುವುದಿಲ್ಲ.

“ಹೊಸಾದು ಏನ್ ಬರದಾರ್ರೀ ಅಕ್ಕಾ?”

“ಸದ್ಯಕ್ಕೆ ಇದ್ದಾರೆ” ಎಂದು ಓದಿದೆ.

ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

“ಹಂಗಾದ್ರ ಕಲ್ಲಿಗ್ಯಾಕ್ರೀ ಹೂವು? ತಗೋರಿ, ಮುಡ್ಕೋರಿ” ಎಂದು ನನ್ನ ಕೈಗಿಟ್ಟಳು.

ಹೂ ಮುಡಿದು, ಕೋಲೂರುತ್ತಾ ಒಂದು ಸುತ್ತು ಹೊರಟೆ. ಉಲ್ಟಾ.