ಮೊದಲು ಸಾಯುವವರ ಜಾಗ

ಎಲ್ಲವೂ ಎಂದಿನಂತಿದ್ದ ಆ ಕೊನೆಯ ಶನಿವಾರ ನಮ್ಮ ಯಜಮಾನರು ಊಟಕ್ಕೆ ಮೊದಲೇ ಸತ್ತರು. ಸತ್ತು, ಹುಲ್ಲಿನ ಮೇಲೆ ಸಾಕಷ್ಟು ಹೊತ್ತು ಮಲಗಿ, ಕಹಳೆ ಊದಿದ ಮೇಲೆ ಎದ್ದು ಪ್ಯಾಂಟು ಕೊಡವಿಕೊಂಡು ಬಂದು, ನನ್ನ ಪಕ್ಕದ ಮಡಚುವ ಕುರ್ಚಿಯಲ್ಲಿ ಕೂತು ಪುಳಿಯೋಗರೆ ತಿಂದರು.

"ಇವತ್ತು ಸ್ವಲ್ಪ ಅವಸರದಾಗ ಸತ್ತೆ ಅನಸ್ತದ. ಇನ್ನೊಂದೆರಡು ಹೆಜ್ಜಿ ಮುಂದ ಹೋಗಬೇಕಿತ್ತು," ಎಂದರು.

"ಮೊದ್ಲು ಆ ಉಣ್ಣೆ ಕೋಟು ಬಿಚ್ಚಿ, ಬೆವರು ನೋಡಿ," ಎಂದೆ ನಾನು.

ನೀವು ಗಾಬರಿಯಾಗುವ ಮೊದಲೇ ವಿಷಯ ಹೇಳಿಬಿಡುತ್ತೇನೆ. ನಾವಿರುವುದು ನಾರ್ತ್ ಕರೋಲಿನಾದ ಮಾರಿಸ್‌ವಿಲ್‌ನಲ್ಲಿ. ಈ ಕಡೆ ಅಂತರ್ಯುದ್ಧದ ಕಾಳಗಗಳನ್ನು ಮತ್ತೆ ಆಡಿ ತೋರಿಸುವ ಜನರಿದ್ದಾರೆ. ಗುಲಾಮಗಿರಿ ಉಳಿಯಬೇಕೋ ಹೋಗಬೇಕೋ ಎಂಬುದಕ್ಕೆ ಈ ದೇಶದ ಉತ್ತರ ಮತ್ತು ದಕ್ಷಿಣದವರು ಬಡಿದಾಡಿದ ಯುದ್ಧ ಅದು. ಉತ್ತರದವರಿಗೆ ನೀಲಿ ಕೋಟು, ದಕ್ಷಿಣದವರಿಗೆ ಬೂದು. ವರ್ಷಕ್ಕೆರಡು ಸಲ ಒಂದು ಹೊಲದಲ್ಲಿ ಸೇರಿ, ಬರೀ ಮದ್ದು ತುಂಬಿದ ಬಂದೂಕು ಹಾರಿಸಿ, ಸಾಯುವವರು ಸತ್ತು, ಎದ್ದು ಮನೆಗೆ ಹೋಗುತ್ತಾರೆ. "ಇದು ಅಮೆರಿಕಾದವರ ದೊಡ್ಡಾಟ," ಎನ್ನುತ್ತಿದ್ದರು ನಮ್ಮವರು. ಅವರು ಗದಗಿನವರು. ರಾತ್ರಿಯಿಡೀ ಬಯಲಿನಲ್ಲಿ ಆಡುವ ದೊಡ್ಡಾಟವೆಂದರೆ ಊಟ ಬಿಡುವಂಥವರು.

ಕೊರೊನಾ ಕಳೆದು ಜನ ಮತ್ತೆ ಗುಂಪು ಸೇರಲು ಧೈರ್ಯ ಮಾಡಿದ ವರ್ಷ, ಸುಮ್ಮನೆ ನೋಡಿಕೊಂಡು ಬರೋಣವೆಂದು ಹೋಗಿದ್ದೆವು. ಅಲ್ಲೊಂದು ವಿಚಿತ್ರ ತೊಂದರೆಯಿತ್ತು. ಕರೋಲಿನಾದಲ್ಲಿ ಎಲ್ಲರಿಗೂ ದಕ್ಷಿಣದವರಾಗುವ ಆಸೆ. ಬೂದು ಕೋಟಿನವರು ಹಿಂಡು ಹಿಂಡಾಗಿದ್ದರೆ ನೀಲಿ ಕೋಟಿನವರು ಒಂದು ವ್ಯಾನಿನಲ್ಲಿ ಹಿಡಿಸುವಷ್ಟು. ಗೆಲ್ಲಬೇಕಾದ ಪಕ್ಷದಲ್ಲಿ ಜನವೇ ಇಲ್ಲ! ನೀಲಿಯವರ ಕ್ಯಾಪ್ಟನ್, ಶಾಲಾ ಬಸ್ ಓಡಿಸಿ ನಿವೃತ್ತನಾದ ಡೇಲ್ ಎಂಬ ಮುದುಕ, ಪ್ರೇಕ್ಷಕರ ಬಳಿಗೇ ಬಂದು, "ಉತ್ತರದ ಕಡೆಗೆ ಯಾರಾದರೂ ಬರುತ್ತೀರಾ?" ಎಂದು ಅಂಗಲಾಚಿದ. ಇವರು ಕೈಯೆತ್ತಿಬಿಟ್ಟರು.

"ರೀ, ನಿಮಗ್ಯಾಕೆ ಇದು?" ಎಂದೆ.

"ಉತ್ತರದವರು ಬೇಕಂತ. ನಾ ಉತ್ತರ ಕರ್ನಾಟಕದವ. ಇನ್ನೇನ್ ಬೇಕು?"

ಔಷಧದ ಕಂಪನಿಯೊಂದರಲ್ಲಿ ಲ್ಯಾಬಿನ ಅಂಕಿಅಂಶ ನೋಡುವ ಕೆಲಸ, ಕೊರೊನಾದ ಎರಡು ವರ್ಷ ಬೆಡ್‌ರೂಮಿನಿಂದಲೇ ಆಫೀಸು, ಮಂಡಿನೋವು. ಇಂಥ ಮನುಷ್ಯ ಬಂದೂಕು ಹೊತ್ತು ಎಷ್ಟು ದೂರ ಓಡಿಯಾರು? ಮೊದಲ ಗುಂಡಿಗೇ ಬಿದ್ದುಬಿಟ್ಟರು. ಅದೇ ಅವರ ಪಾತ್ರವಾಯಿತು. ನೀವು ನಂಬುವುದಿಲ್ಲ, ಮೊದಲು ಸಾಯಲು ಯಾರೂ ಒಪ್ಪುವುದಿಲ್ಲ. ಅಷ್ಟು ದೂರದಿಂದ ಡ್ರೈವ್ ಮಾಡಿ ಬಂದವರಿಗೆ ನಾಲ್ಕು ಗುಂಡಾದರೂ ಹಾರಿಸುವ ಆಸೆ. ಆದರೆ ಒಬ್ಬ ಬೀಳುವವರೆಗೆ ನೋಡುವವರಿಗೆ ಅದು ಕವಾಯತಿನಂತೆಯೇ ಕಾಣುತ್ತದೆ. ಇವರು ಬಿದ್ದ ಕೂಡಲೇ ಕಾಳಗಕ್ಕೆ ಕಳೆ ಬರುತ್ತಿತ್ತು.

ಮೊದಲ ವರ್ಷ ಸತ್ತು ಮಲಗಿದ್ದಾಗ ಅವರ ಚೀಲದೊಳಗೆ ಫೋನು ಬಡಿದುಕೊಂಡಿತು. ಗದಗಿನಿಂದ ಅವರ ಅಕ್ಕ. ಸಾಲಾಗಿ ನಿಂತ ಪ್ರೇಕ್ಷಕರೆಲ್ಲ ನೋಡುತ್ತಿದ್ದಂತೆ ಹೆಣದ ಕೈ ಮೆಲ್ಲಗೆ ಚೀಲಕ್ಕೆ ಹೋಯಿತು. "ಅಕ್ಕಾ, ನಾ ಈಗ ಸತ್ತೀನಿ. ಎದ್ದ ಮ್ಯಾಲ ಮಾಡ್ತೀನಿ," ಎಂದಿತು ಹೆಣ.

ಆಮೇಲೆ ಅಕ್ಕ ತಮ್ಮನನ್ನು ಚೆನ್ನಾಗಿ ಬೈದರು. "ಹುಚ್ಚ ಖೋಡಿ, ಸತ್ತವರು ಫೋನ್ ಎತ್ತತಾರೇನೋ?" ಆದರೆ ಆ ಮಾತು ನಮ್ಮ ಮನೆಯಲ್ಲಿ ಉಳಿದುಬಿಟ್ಟಿತು. ಅವರು ಸ್ನಾನಕ್ಕೆ ಹೋದಾಗ, ಮೀಟಿಂಗಿನಲ್ಲಿದ್ದಾಗ ಅಕ್ಕನ ಫೋನು ಬಂದರೆ ನಾನು, "ಸತ್ತಿದ್ದಾರೆ ಅಕ್ಕ, ಎದ್ದ ಮೇಲೆ ಮಾಡ್ತಾರೆ," ಎನ್ನುವುದು. ಅಕ್ಕ ಅಲ್ಲಿ ನಗುವುದು.

ಈ ಆಟದಲ್ಲಿ ಅವರಿಗೇನು ಸಿಗುತ್ತಿತ್ತೆಂದು ನನಗೆ ತಿಳಿಯುತ್ತಿರಲಿಲ್ಲ. ನಾನು ಮೈಸೂರಿನಲ್ಲಿ ಪಿಯುಸಿ ಮುಗಿಸಿದವಳು. ಇತಿಹಾಸದಲ್ಲಿ ಪಾಣಿಪತ್ ಕದನಗಳು ಮೂರು ಎಂಬುದಷ್ಟೇ ನೆನಪು. ಯಾರ ಮೇಲೆ ಯಾರು ಎಂಬುದು ಪರೀಕ್ಷೆಯ ದಿನವೂ ನೆನಪಿರಲಿಲ್ಲ. ನಮ್ಮ ಮಗಳು ಮೇಘಾ ಇರುವುದು ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ. ಅವಳ ಮನೆಗೆ ಹೋಗುವ ದಾರಿಯುದ್ದಕ್ಕೂ ವರ್ಜೀನಿಯಾದಲ್ಲಿ ಹಳೆಯ ರಣರಂಗಗಳ ಕಂದು ಬೋರ್ಡುಗಳು. ಒಂದು ಬೋರ್ಡು ಕಂಡರೆ ಸಾಕು, ಅವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಬೆಳಿಗ್ಗೆ ಹೊರಟವರು ಮಧ್ಯಾಹ್ನಕ್ಕೆ ಸೇರಬೇಕಾದ ಊರಿಗೆ ದೀಪ ಹಚ್ಚುವ ಹೊತ್ತಿಗೆ ಸೇರುತ್ತಿದ್ದೆವು.

"ಈ ಹೊಲದಾಗ ಬೂದು ಕೋಟಿನವರು ಗೆದ್ದಿದ್ರ ಏನಾಗ್ತಿತ್ತು ಹೇಳು ನೋಡೋಣ?"

"ಬೋರ್ಡ್ ಇರ್ತಿರಲಿಲ್ಲ. ನಾವು ಇಷ್ಟೊತ್ತಿಗೆ ಮೇಘನ ಮನೇಲಿ ಊಟ ಮಾಡ್ತಿದ್ವಿ."

"ಚಾಷ್ಟಿ ಸಾಕು, ಕೇಳಿಲ್ಲೆ," ಎಂದು ಅವರು ಶುರುಮಾಡುತ್ತಿದ್ದರು. ಮನುಷ್ಯರನ್ನು ಸಂತೆಯಲ್ಲಿ ಮಾರುವುದು ಆ ಯುದ್ಧದಿಂದ ನಿಂತಿತು. ಆದರೆ ಬಿಡುಗಡೆಯಾದವರಿಗೆ ಆಮೇಲೂ ಒಂದು ನೂರು ವರ್ಷ ಬೇರೆ ನಲ್ಲಿ, ಬೇರೆ ಬೆಂಚು. ಕೊನೆಗೆ ನಮ್ಮದೇ ರಾಜ್ಯದ ಗ್ರೀನ್ಸ್‌ಬರೊದಲ್ಲಿ ನಾಲ್ಕು ಜನ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಊಟದ ಕೌಂಟರಿಗೆ ಹೋಗಿ ಕೂತರು. ಅಂಗಡಿಯವರು ಬಡಿಸಲಿಲ್ಲ, ಹುಡುಗರು ಏಳಲಿಲ್ಲ. ಅತ್ತ ಅಟ್ಲಾಂಟಾದ ಕಡೆಯಿಂದಲೂ ಜನ ಎದ್ದರು, ನಡೆದರು, ಜೈಲು ಕಂಡರು. ಕಾನೂನು ಬದಲಾಯಿತು. ಅದೇ ಕಾವಿನಲ್ಲಿ ನಮ್ಮಂಥ ದೇಶದವರಿಗೆ ಮುಚ್ಚಿದ್ದ ಬಾಗಿಲೂ ತೆರೆಯಿತು. ಆ ಬಾಗಿಲಲ್ಲಿ ಅವರ ಕಾಕಾ ಬಂದರು, ಕಾಕಾನನ್ನು ನೋಡಿ ಇವರು ಬಂದರು.

"ಆಮ್ಯಾಲ ನೀ ಬಂದಿ. ಅಂದ್ರ ಈ ಯುದ್ಧ ಆಗಿರಲಿಲ್ಲಂದ್ರ ನಮ್ಮ ಲಗ್ನಾನ ಆಗ್ತಿರಲಿಲ್ಲ."

"ಅಯ್ಯೋ ಪಾಪ, ಅಷ್ಟು ಜನ ಇದಕ್ಕೋಸ್ಕರ ಸತ್ತರಾ?"

ಅಷ್ಟರಲ್ಲಿ ಇನ್ನೊಂದು ಕಂದು ಬೋರ್ಡು ಬಂತು, ಅವರ ಕಾಲು ಬ್ರೇಕಿಗೆ ಹೋಯಿತು.

ನನ್ನ ಮಾತಿಗೆ ಬಗ್ಗದವರು ಪಕ್ಕದ ಮನೆಯ ಮಿಸ್ ಲೊರೇನ್ ಮಾತಿಗೆ ಬಗ್ಗಿದರು. ಆಕೆ ನಿವೃತ್ತ ಟೀಚರ್, ಕಪ್ಪು ಮಹಿಳೆ. ಇವರ ಕೋಟು ನೋಡಿ ಮೊದಲು, "ಯಾವ ಬಣ್ಣ ಅದು, ಬೆಳಕಿಗೆ ಬಾ," ಎಂದರು. ನೀಲಿಯೆಂದು ಖಾತ್ರಿಯಾದ ಮೇಲೆ ಹೇಳಿದರು: "ನನ್ನ ಮುತ್ತಜ್ಜಿಯ ತಾಯಿಗೆ ಬಿಡುಗಡೆಯ ಸುದ್ದಿ ತಿಳಿದಾಗ ಆಕೆ ಬೇರೆಯವರ ಹೊಲ ಅಗೆಯುತ್ತಿದ್ದಳಂತೆ. ಗುದ್ದಲಿ ಅಲ್ಲೇ ಬಿಟ್ಟು ನಡೆದಳಂತೆ. ನೀನು ಸಾಯುವುದಾದರೆ ಮರ್ಯಾದೆಯಿಂದ ಸಾಯಿ." ಅಂದಿನಿಂದ ನಮ್ಮವರು ಸತ್ತಿರುವಾಗ ಏಲಕ್ಕಿ ಅಗಿಯುವುದನ್ನು ಬಿಟ್ಟರು. ಫೋನನ್ನೂ ನನ್ನ ಕೈಗೆ ಕೊಟ್ಟು ಹೋಗತೊಡಗಿದರು.

ಆ ಶನಿವಾರ ಕಳೆದು ಮಂಗಳವಾರ ಬೆಳಿಗ್ಗೆ, ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನಿಂದ ಇಳಿಯುವ ಮೊದಲೇ ಅವರ ಹೃದಯ ನಿಂತಿತು.

ಗದಗಿಗೆ ನಾನೇ ಫೋನು ಮಾಡಿದೆ. "ಅಕ್ಕ, ಇವರು ಹೋಗ್ಬಿಟ್ರು," ಎಂದೆ.

"ಮತ್ತ ಸತ್ನೇನು? ಎದ್ದ ಮ್ಯಾಲ ಫೋನ್ ಮಾಡಂತ ಹೇಳವ್ವಾ," ಎಂದು ಅಕ್ಕ ನಕ್ಕರು.

ನನಗೂ ನಗು ಬಂತು. ಅಭ್ಯಾಸಬಲ. ಇಬ್ಬರೂ ನಕ್ಕೆವು, ಅವರ ನಗು ಮೊದಲು ನಿಂತಿತೋ ನನ್ನದೋ ತಿಳಿಯದು. "ಅಕ್ಕ, ಇದು ಆಟದ್ದಲ್ಲ," ಎಂದೆ.

ದಹನದ ದಿನ ಕ್ಯಾಪ್ಟನ್ ಡೇಲ್ ತನ್ನ ಇಡೀ ದಳದೊಡನೆ ನೀಲಿ ಕೋಟಿನಲ್ಲೇ ಬಂದ. ಬಂದೂಕು ಒಳಗೆ ತರುವಂತಿಲ್ಲವೆಂದು ಅಲ್ಲಿನವರು ಹೇಳಿದ್ದಕ್ಕೆ ಎಲ್ಲವನ್ನೂ ವ್ಯಾನಿನಲ್ಲಿಟ್ಟು, ಟೋಪಿ ಕೈಯಲ್ಲಿ ಹಿಡಿದು ಗೋಡೆಗುಂಟ ನಿಂತರು. ಪುರೋಹಿತರು ಮಂತ್ರ ನಿಲ್ಲಿಸಿ ಮೆಲ್ಲಗೆ ನನ್ನನ್ನು ಕೇಳಿದರು: "ಅಮ್ಮಾ, ಇವರು ಯಾವ ಕಡೆಯವರು? ನಿಮ್ಮ ಕಡೆಯವರೋ ಯಜಮಾನರ ಕಡೆಯವರೋ?"

"ಯಜಮಾನರ ಕಡೆಯವರು," ಎಂದೆ.

"ಹಾಗಿದ್ರೆ ಅಕ್ಕಿಕಾಳು ಹಾಕಬಹುದು," ಎಂದರು. ಗಡ್ಡದ ಸಿಪಾಯಿಗಳು ಒಬ್ಬೊಬ್ಬರಾಗಿ ಬಂದು ಅವರ ಬಾಯಿಗೆ ಅಕ್ಕಿಕಾಳು ಹಾಕಿ, ಸೆಲ್ಯೂಟ್ ಹೊಡೆದು ಹಿಂದೆ ಸರಿದರು.

ಚಳಿಗಾಲ ಹೇಗೋ ಕಳೆಯಿತು. ಇಲ್ಲಿನ ಕನ್ನಡ ಸಂಘದವರು ಅಲ್ಯೂಮಿನಿಯಂ ಟ್ರೇಗಳಲ್ಲಿ ತಂದ ಪಲಾವು ಫ್ರೀಜರಿನಲ್ಲಿ ಕಲ್ಲಾಗಿ ಕೂತಿತ್ತು. ಡಾಗ್‌ವುಡ್ ಮರಗಳು ಹೂ ಬಿಡುವಾಗ ಕ್ಯಾಪ್ಟನ್ ಫೋನು ಮಾಡಿದ. ಬಹಳ ಹೊತ್ತು ಹವೆಯ ವಿಷಯ ಮಾತಾಡಿದ. ಆಮೇಲೆ, "ಮ್ಯಾಮ್, ಈ ಸಲ ಮೊದಲು ಸಾಯಲು ಯಾರೂ ಇಲ್ಲ. ಅವನ ಜಾಗವನ್ನು ಬೇರೆಯವರಿಗೆ ಕೊಡಲು ನಿಮ್ಮ ಒಪ್ಪಿಗೆ ಬೇಕು. ಒಪ್ಪದಿದ್ದರೆ ಖಾಲಿ ಬಿಡುತ್ತೇವೆ," ಎಂದ.

ನನಗೆ ಎರಡೂ ಬೇಡವಾಗಿತ್ತು. ಅಲ್ಲಿ ಇನ್ನಾರೋ ಬೀಳುವುದನ್ನು ನೋಡಲಾರೆ. ಯಾರೂ ಬೀಳದೆ ಕಾಳಗ ನಡೆದುಬಿಟ್ಟರೆ, ಅವರಿಲ್ಲದೆಯೂ ನಡೆಯುತ್ತದೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. "ನಾನೇ ಬರ್ತೀನಿ," ಎಂದುಬಿಟ್ಟೆ. ಕ್ಯಾಪ್ಟನ್, ಆ ಯುದ್ಧದಲ್ಲಿ ಗಂಡುವೇಷ ಹಾಕಿ ಕಾದಾಡಿದ ಹೆಂಗಸರೂ ಇದ್ದರು, ಹಾಗಾಗಿ ಅಡ್ಡಿಯಿಲ್ಲ ಎಂದ.

ಮೇಘಾ ಫೋನಿನಲ್ಲಿ ಕೂಗಿದಳು: "ಅಮ್ಮಾ, ಆರ್ ಯು ಸೀರಿಯಸ್? ನೀನು ಹೋಗಿ ಸಾಯ್ತೀಯಾ?"

"ಒಂದು ಗಂಟೆ ಕಣೇ. ಸಂಜೆ ಕಾಲ್ ಮಾಡ್ತೀನಿ."

"ದಿಸ್ ಫ್ಯಾಮಿಲಿ ಈಸ್ ನಾಟ್ ನಾರ್ಮಲ್," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಸನ್‌ಸ್ಕ್ರೀನ್ ಹಾಕ್ಕೋ," ಎಂದಳು.

ಅವರ ಕೋಟು ನನ್ನ ಮೊಣಕಾಲು ಮುಟ್ಟುತ್ತಿತ್ತು. ಜಡೆಯನ್ನು ಟೋಪಿಯೊಳಗೆ ತುರುಕಿ ಸಾಲಿನಲ್ಲಿ ನಿಂತೆ. ಎದುರಿನಿಂದ ಗುಂಡು ಸಿಡಿದವು. ನಾನು ಬೀಳಬೇಕು. ಆದರೆ ಅಷ್ಟು ಜನರ ಮುಂದೆ ಧೊಪ್ಪನೆ ಬೀಳುವುದು ಹೇಗೆ? ಹೆಣ್ಣುಮಕ್ಕಳಿಗೆ ಅದನ್ನು ಯಾರೂ ಕಲಿಸಿರುವುದಿಲ್ಲ. ಮೊದಲು ಒಂದು ಕೈಯೂರಿ ಕೂತೆ. ಕೋಟು ಸರಿಮಾಡಿಕೊಂಡೆ. ಪಕ್ಕದಲ್ಲಿ ಇರುವೆಗಳಿವೆಯೇ ಎಂದು ನೋಡಿದೆ.

"ಮ್ಯಾಮ್, ನೀವು ಸತ್ತಿದ್ದೀರಿ," ಎಂದು ಕ್ಯಾಪ್ಟನ್ ಪಿಸುಗುಟ್ಟಿದ.

"ಒಂದ್ನಿಮಿಷ, ಮಂಡಿ," ಎಂದು, ಮಧ್ಯಾಹ್ನದ ನಿದ್ದೆಗೆ ಒರಗುವಂತೆ ಒರಗಿದೆ. ಪ್ರೇಕ್ಷಕರಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಸ್ವಲ್ಪ ಹೊತ್ತಿಗೆ ಬೂದು ಕೋಟಿನವನೊಬ್ಬ ನುಗ್ಗಿ ಬಂದು ನನ್ನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಉರುಳಿದ. ಹೊಟ್ಟೆಯವರೆಗೂ ಗಡ್ಡ. ತುಟಿ ಅಲ್ಲಾಡಿಸದೆ, ಎಳೆದೆಳೆದು ಆಡುವ ಇಂಗ್ಲಿಷಿನಲ್ಲಿ ಕೇಳಿದ: "ಕೈಯಲ್ಲಿ ಬಡಿದು ರೊಟ್ಟಿ ಮಾಡುವವರು ನೀವೇ ಅಲ್ಲವೇ?"

ಸತ್ತವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಹೌದೆಂದೆ.

"ನಿಮ್ಮ ಗಂಡ ಮತ್ತು ನಾನು ಪ್ರತಿ ಸಲ ಇಲ್ಲೇ ಸಾಯುತ್ತಿದ್ದೆವು. ಅವನು ನಿಮ್ಮ ರೊಟ್ಟಿಯ ವಿಷಯವೇ ಹೇಳುತ್ತಿದ್ದ."

"ರುಚಿ ಬಗ್ಗೆ ಏನಂದರು?" ಎಂದೆ. ನಾನು ಮೈಸೂರಿನವಳು. ಜೋಳದ ರೊಟ್ಟಿ ಕಲಿತದ್ದು ಮದುವೆಯಾದ ಮೇಲೆ, ಈ ಊರಿನಲ್ಲಿ, ಅಂಚು ಹರಿದು ಹರಿದು.

"ರುಚಿಯಲ್ಲ, ಸದ್ದು. ಟಿವಿ ಮುಂದೆ ಕೂತು ಅಡುಗೆಮನೆಯ ಕಡೆ ಕಿವಿ ಇಟ್ಟಿರುತ್ತಿದ್ದನಂತೆ. ಬಡಿಯುವುದು ಒಂದೇ ಸಮ ಇದ್ದರೆ ಎಲ್ಲ ಕ್ಷೇಮ. ನಿಂತು ನಿಂತು ಬಂದರೆ ನಿಮಗೇನೋ ಚಿಂತೆ. ತೀರಾ ಜೋರಾದರೆ ಅವನದೇ ತಪ್ಪು. ಎದ್ದು ಕಸದ ಡಬ್ಬಿ ಹೊರಗಿಡುತ್ತಿದ್ದನಂತೆ."

ಆ ಡಬ್ಬಿ ಎಷ್ಟೋ ಸಲ ಹೇಳದೆಯೇ ಹೊರಗೆ ಹೋಗಿದ್ದನ್ನು ನೋಡಿ ನಾನು ಆಶ್ಚರ್ಯಪಟ್ಟದ್ದುಂಟು. ಅಡುಗೆಮನೆಯ ಪಕ್ಕದ ಕೋಣೆಯ ಟಿವಿಯಲ್ಲಿ ಫಿರಂಗಿಗಳು ಹಾರುತ್ತಿದ್ದವು. ಅವರು ಯುದ್ಧ ನೋಡುತ್ತಿದ್ದಾರೆಂದೇ ತಿಳಿದು ನಾನು ಇಷ್ಟು ವರ್ಷ ರೊಟ್ಟಿ ಬಡಿದೆ.

ಹೆಣ ಅಳಬಾರದು, ಅತ್ತರೆ ಹೊಟ್ಟೆ ಅಲುಗುತ್ತದೆ. ತಡೆದುಕೊಂಡೆ, ಆಗಲಿಲ್ಲ.

"ಅಳಿ, ಪರವಾಗಿಲ್ಲ. ಬರೀ ಗಾಯವಾಗಿದೆ ಎಂದುಕೊಳ್ಳುತ್ತಾರೆ," ಎಂದ ಬೂದು ಕೋಟಿನವನು.

ನೆನ್ನೆಯ ಮಾತು ಇದು. ಇವತ್ತು ಭಾನುವಾರ. ಮೈಯೆಲ್ಲ ನೋವು; ಮಂಡಿಯ ಸುದ್ದಿ ಕೇಳಬೇಡಿ. ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. "ನೀನೂ ಸತ್ತೇನವ್ವಾ?" ಎಂದು ಅವರು ನಕ್ಕರು; ಎಷ್ಟೋ ತಿಂಗಳ ಮೇಲೆ ನಕ್ಕರು. ಆಮೇಲೆ ಬಿಸಿನೀರಿಗೆ ಜೋಳದ ಹಿಟ್ಟು ಹಾಕಿ ನಾದಿದೆ. ನಮ್ಮವರು ಹೋದ ಮೇಲೆ ರೊಟ್ಟಿ ಮಾಡುತ್ತಿರುವುದು ಇದೇ ಮೊದಲು. ಒಬ್ಬಳಿಗೆ ಎರಡು ಸಾಕು, ನಾಲ್ಕು ಬಡಿದೆ. ಕೈ ಒಂದೇ ಸಮ ಬಂತು.

ಪಕ್ಕದ ಕೋಣೆಯಲ್ಲಿ ಅದನ್ನು ಕೇಳುವವರು ಇಲ್ಲ.