ದೇಸಾಯರ ಬಂದೂಕಿಗೆ ತೂತು ಕೊರೆದವರು

ಹುಬ್ಬಳ್ಳಿಯ ದುರ್ಗದಬೈಲಿಗೆ ಇನ್ನೂ ತರಕಾರಿಯ ಚಕ್ಕಡಿಗಳು ಬಂದಿಲ್ಲ. ಹಿಂದಿನ ಓಣಿಯಲ್ಲಿ ಮೂಡಣಕ್ಕೆ ಮುಖ ಮಾಡಿದ ಸಣ್ಣ ಅಂಗಡಿಯೊಂದರ ಬಾಗಿಲು ಮಾತ್ರ ಆಗಲೇ ತೆರೆದಿದೆ. ಒಳಗೆ ಮುದುಕರೊಬ್ಬರು ಬಂದೂಕಿನ ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ, ಆಗಷ್ಟೇ ಮೂಡುತ್ತಿರುವ ಬೆಳಕಿನತ್ತ ಹಿಡಿದು ನೋಡುತ್ತಿದ್ದಾರೆ. ಊರಿಗೆ ಹೊಸಬರಾದವರು ಈ ಓಣಿಗೆ ಕಾಲಿಟ್ಟರೆ ಎದೆ ಧಸಕ್ಕೆನ್ನಬೇಕು. ಹಾಲು ಮಾರುವವಳು ಮಾತ್ರ ನಳಿಗೆಯ ಬಾಯಿಯ ಎದುರಿನಿಂದಲೇ ಕೊಡ ಹೊತ್ತು ಸಾಗುತ್ತಾಳೆ. ಅವಳಿಗೆ ಇದೆಲ್ಲ ರೂಢಿ.

"ಈ ಹೊತ್ತಿನ ಬೆಳಕ ಓರೆ ಬೀಳ್ತೈತ್ರಿ," ಎನ್ನುತ್ತಾರೆ ದಸ್ತಗೀರಸಾಬರು. "ನಳಿಗಿ ಕೂದಲೆಳಿಯಷ್ಟ ಡೊಂಕಿದ್ರೂ ಒಳಗಿನ ನೆರಳ ಹೇಳಿಬಿಡ್ತೈತಿ. ಹೊತ್ತ ಏರಿತಂದ್ರ ಮುಗೀತು, ಏನೂ ಕಾಣೂದಿಲ್ಲ."

ಅರವತ್ತು ದಾಟಿದ ದಸ್ತಗೀರಸಾಬರು ಬಂದೂಕು ದುರಸ್ತಿ ಮಾಡುವವರು. ಈ ಸೀಮೆಯಲ್ಲಿ ಆ ಕೆಲಸಕ್ಕೆ ಸರಕಾರದ ಲೈಸೆನ್ಸು ಇರುವುದು ಇವರೊಬ್ಬರಿಗೇ. ಹಂದಿಯ ಕಾಟಕ್ಕೆ ಬಂದೂಕು ಇಟ್ಟುಕೊಂಡ ರೈತರು ಸುಗ್ಗಿಗೆ ಮುಂಚೆ ಬರುತ್ತಾರೆ. ಉಳಿದ ತಿಂಗಳುಗಳಲ್ಲಿ ಟ್ರಂಕಿನ ಕೀಲಿ, ಸೀಮೆಎಣ್ಣೆಯ ಸ್ಟೋವು, ಹೊಲಿಗೆಯ ಯಂತ್ರ, ಯಾವುದು ಬಂದರೂ ಸರಿ. ಕಬ್ಬಿಣದ್ದಾಗಿದ್ದರೆ ಸಾಕು, ಬೇಡ ಎನ್ನುವ ಜಾಯಮಾನ ಅವರದಲ್ಲ.

ಅಂಗಡಿಯ ಮುಂದೆ ಕುಳಿತುಕೊಳ್ಳಲು ಉದ್ದನೆಯ ಹಲಗೆಯೊಂದಿದೆ. ಕುಳಿತುಕೊಳ್ಳುವವರಿಲ್ಲ. ಉಪ್ಪಿನ ಚಳವಳಿಯ ವರ್ಷ ಪೊಲೀಸರು ಬಂದೂಕುಗಳ ಲೆಕ್ಕ ನೋಡಲು ಮೇಲಿಂದ ಮೇಲೆ ಬರತೊಡಗಿದರು. ಆ ಹಲಗೆಯ ಮೇಲೆ ಕುಳಿತವರ ಹೆಸರನ್ನು ಠಾಣೆಯಲ್ಲಿ ಬರೆದುಕೊಳ್ಳುತ್ತಾರೆಂದು ಯಾರೋ ಪುಣ್ಯಾತ್ಮ ಗಾಳಿಮಾತು ಹಬ್ಬಿಸಿದ. ಅಂದು ಎದ್ದು ಹೋದವರು ಇಂದಿಗೂ ಮರಳಿಲ್ಲ. ಎದುರಿನ ಅಂಗಡಿಯ ಚಹಾ ಕೂಡ ಹೊಸ್ತಿಲ ಮೇಲೆ ಕುಳಿತು ಆರುತ್ತದೆ. ತಂದವನು ಎರಡು ಮಾತಾಡಲೂ ನಿಲ್ಲುವುದಿಲ್ಲ. ದಸ್ತಗೀರಸಾಬರ ಹೆಂಡತಿ ಇನ್‌ಫ್ಲುಯೆಂಜಾ ಬಂದ ವರ್ಷ ತೀರಿಕೊಂಡರು. ಒಬ್ಬಳೇ ಮಗಳು ಸಿತಾರಾ ಸೊಲ್ಲಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ.

"ಒಮ್ಮೊಮ್ಮೆ ಸ್ಟೋವಿನ ಕೂಡ ಮಾತಾಡ್ತೇನ್ರಿ," ಎಂದು ನಗುತ್ತಾರೆ. "ಅದಾದ್ರೂ ಭರ್‍ ಅಂತ ಉತ್ತರಾ ಕೊಡ್ತೈತಿ."

ನಗು ಹೌದು, ಆದರೆ ಅದರ ಬೆನ್ನಿಗೇ ಅವರು ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಾರೆ.

ಇಂಥವರಿಗೆ ವರ್ಷಕ್ಕೊಂದು ದಿನ ಮಾತ್ರ ಒಂದು ಮನೆಯಿತ್ತು. ಧಾರವಾಡದ ದೇಸಾಯರ ವಾಡೆ. ಮನೆಯವರ ಗುರುತು ಹತ್ತದಂತೆ ಬರೆಯಬೇಕೆಂಬುದು ದಸ್ತಗೀರಸಾಬರ ಕರಾರು. ಆದ್ದರಿಂದ ಯಜಮಾನರನ್ನು ಫಕೀರಪ್ಪ ದೇಸಾಯರು ಎಂದಿಟ್ಟುಕೊಳ್ಳೋಣ. ದಸ್ತಗೀರಸಾಬರ ಅಜ್ಜ ಆ ವಾಡೆಯ ಆಯುಧಗಳನ್ನು ನೋಡಿಕೊಳ್ಳುತ್ತಿದ್ದವರು. ಐವತ್ತೇಳರ ದಂಗೆಯ ಹೊತ್ತಿಗೆ ಕಂಪನಿ ಸರಕಾರ ಆಯುಧಗಳನ್ನೆಲ್ಲ ಒಪ್ಪಿಸಿರೆಂದಾಗ ವಾಡೆಯ ಬಂದೂಕುಗಳು ಚಕ್ಕಡಿ ಏರಿ ಹೋದವು. ಆಮೇಲೆ ಮಹಾನವಮಿಯ ಖಂಡೇಪೂಜೆಗೆ ಉಳಿದದ್ದು ಕುಡುಗೋಲು, ಈಳಿಗೆ, ಹಿಡಿ ಮುರಿದ ಒಂದು ಕತ್ತಿ. ಆದರೆ ಬಂದೂಕು ಹೋದರೂ ಬಂದೂಕಿನವರ ಮರ್ಯಾದೆ ಹೋಗಲಿಲ್ಲ. ಪ್ರತಿ ಮಹಾನವಮಿಗೆ ಹುಬ್ಬಳ್ಳಿಗೆ ಟಾಂಗಾ ಬರುತ್ತಿತ್ತು. ಪೂಜೆಯ ಮಣೆಯ ಮೇಲೆ ಆಯುಧಗಳನ್ನು ಜೋಡಿಸುವುದು ದಸ್ತಗೀರಸಾಬರ ಕೈಯಿಂದಲೇ. ಮೊದಲ ಕಾಯಿ, ರುಮಾಲು ಅವರಿಗೇ.

"ವರ್ಷದಾಗ ಉಳದ ದಿನಾ ನಾ ಯಾರಿಗೂ ಬೇಕಾಗಿದ್ದಿಲ್ಲರಿ. ಅವತ್ತೊಂದಿನ ಮಾತ್ರ ನಾ ಹೋಗೂ ಮಟಾ ಪೂಜಿ ನಿಂತಿರ್ತಿತ್ತು."

ಫಕೀರಪ್ಪ ದೇಸಾಯರಿಗೆ ಹಳೆಯ ಯುದ್ಧದ ಬಂದೂಕುಗಳ ಹುಚ್ಚು. ಅಜ್ಜನ ಕಾಲಕ್ಕೆ ಬರಿದಾದ ಗೋಡೆಯನ್ನು ತಮ್ಮ ಕಾಲಕ್ಕೆ ತುಂಬಿಸಬೇಕೆಂಬ ಹಟ. ವಿಲಾಯತಿಯ ವ್ಯಾಪಾರಿಯೊಬ್ಬನಿಗೆ ಬರೆದು, ಇಂಗ್ಲಿಷ್ ಪಲ್ಟನ್ನಿನ ಒಂದು ಮುದಿ ರೈಫಲನ್ನು ತರಿಸಿದರು. ಬಾಯಿಯಿಂದ ಮದ್ದು ಸುರಿದು ಹಾರಿಸುತ್ತಿದ್ದ ಕಾಲದ್ದು. ಅದು ಹಡಗಿನಿಂದ ಮುಂಬಯಿಯಲ್ಲಿ ಇಳಿಯಿತೋ ಇಲ್ಲವೋ, ಸುಂಕದವರು ತಡೆದರು. ಪಲ್ಟನ್ನಿನ ಬಂದೂಕು, ಹೊಸದಾದರೇನು ಹಳೆಯದಾದರೇನು, ಖಾಸಗಿಯವರಿಗೆ ಹೊರದೇಶದಿಂದ ಬರಕೂಡದು ಎಂಬುದು ಸರಕಾರದ ವಾದ. ಬಿಟ್ಟುಕೊಡಿರೆಂದು ದೇಸಾಯರು ಅರ್ಜಿ ಹಾಕಿದರು. ಗೋಡೆಗೆ ತೂಗುಹಾಕುವ ತುಕ್ಕು ಕಬ್ಬಿಣಕ್ಕೂ ಇಷ್ಟು ಹೆದರುವ ಸರಕಾರ ನಮ್ಮನ್ನು ಹೇಗೆ ಆಳುತ್ತದೆ ಎಂದು ಪತ್ರಿಕೆಗೂ ಬರೆದರು. ಉಣ್ಣಲಿಕ್ಕೆ ಜೋಳವಿಲ್ಲದ ನಾಡಿನಲ್ಲಿ ಸಿರಿವಂತರ ಆಟಿಕೆ ಬಾರದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಇನ್ನೊಬ್ಬರು ಉತ್ತರ ಬರೆದರು. ದೇಸಾಯರು ಅಂದಿನಿಂದ ಪತ್ರಿಕೆ ತರಿಸುವುದನ್ನೇ ಬಿಟ್ಟರು. ಧಾರವಾಡದ ಕ್ಲಬ್ಬಿನಲ್ಲಿ ವಕೀಲರು ಇಸ್ಪೀಟು ಕೆಳಗಿಟ್ಟು ಎರಡು ಪಕ್ಷವಾದರು. ಕಬ್ಬಿಣ ಮುಟ್ಟುವ ಮನುಷ್ಯ ಏನೆನ್ನುತ್ತಾನೆಂದು ಯಾರೂ ಕೇಳಲಿಲ್ಲ.

ಕೇಳಿದವರು ದೇಸಾಯರೊಬ್ಬರೇ. ಈ ಜಗಳ ನಡೆದಷ್ಟು ಕಾಲವೂ ಅವರು ಧಾರವಾಡದಿಂದ ರೈಲು ಹತ್ತಿ ಹುಬ್ಬಳ್ಳಿಗೆ ಬರುತ್ತಿದ್ದರು. ಠಾಣೆಯ ಗಾಳಿಮಾತಿಗೆ ಸೊಪ್ಪು ಹಾಕದೆ ಆ ಹಲಗೆಯ ಮೇಲೆ ಕುಳಿತು, ಸರಕಾರವನ್ನು ಮನಸಾರೆ ಬೈದು, ಎರಡು ಕಪ್ಪು ಚಹಾ ಕುಡಿದು ಹೋಗುತ್ತಿದ್ದರು. ದಸ್ತಗೀರಸಾಬರ ಪಾಲಿಗೆ ಅವು ಹಬ್ಬದಂಥ ದಿನಗಳು. "ಖರೇ ಹೇಳ್ಲೇನ್ರಿ? ಆ ಅರ್ಜಿ ಲಗೂ ತೀರ್ಮಾನ ಆಗಬಾರದು ಅಂತ ದುವಾ ಮಾಡಿದ್ದೆ," ಎನ್ನುತ್ತಾರೆ.

ತೀರ್ಮಾನ ಆಗಿಯೇ ಹೋಯಿತು. ಬಂದೂಕನ್ನು ನಿರುಪಯೋಗಿ ಮಾಡಿದರೆ ಕೊಡುತ್ತೇವೆ, ಮದ್ದು ಕೂಡುವ ಕಡೆ ನಳಿಗೆಯ ಮೇಲ್ಭಾಗದಲ್ಲಿ ಎದ್ದು ಕಾಣುವಂತೆ ತೂತು ಕೊರೆಯಬೇಕು, ಲೈಸೆನ್ಸಿದ್ದವರೇ ಪೊಲೀಸರೆದುರು ಕೊರೆಯಬೇಕು ಎಂದು ಹುಕುಂ ಬಂತು. ಶ್ರಾವಣದ ಒಂದು ಬೆಳಿಗ್ಗೆ ದೇಸಾಯರು ಹಲಗೆಯ ಮೇಲೆ ಕುಳಿತು, ಈ ಸಲ ಸರಕಾರವನ್ನು ಬೈಯದೆ, ದನಿ ತಗ್ಗಿಸಿ ಮಾತು ತೆಗೆದರು.

"ದಸ್ತಗೀರಸಾಬರ, ಭಿನ್ನಾದ ಮೂರ್ತಿ ಜಗಲಿ ಮ್ಯಾಲ ಇಡ್ತೀವೇನ್ರಿ? ತೂತ ಬಿದ್ದ ಬಂದೂಕ ಖಂಡೇಪೂಜಿಗೆ ಹೆಂಗ ಇಡ್ಲಿ?"

"ಹುಕುಂ ಐತೆಲ್ರಿ ಧಣ್ಯಾರ."

"ಹವಾಲ್ದಾರನ ಮುಂದ ತೂತ ಹಾಕ್ರಿ. ಅಂವ ಸಹಿ ಮಾಡಿ ಹ್ವಾದ ಮ್ಯಾಲ ತೂತಿಗೆ ಕಬ್ಬಿಣದ ಬಿರಡಿ ಬಡದು, ಅರಾ ಹೊಡದು ನುಣ್ಣಗ ಮಾಡ್ರಿ. ನಿಮ್ಮ ಕೈಗೆ ಅದೇನ್ ದೊಡ್ಡದು. ಪೂಜಿ ಆದಮ್ಯಾಲ ಅಂಗಳದಾಗ ಒಂದ ಹುಸಿಬಾರ ಹಾರಸೂದು ನಮ್ಮ ಮನಿ ಪದ್ಧತಿ ಇತ್ತು. ಅಜ್ಜನ ಕಾಲಕ್ಕ ನಿಂತದ್ದು ಮಗನ ಕೈಲೆ ಸುರು ಆಗ್ಲಿ ಅಂತ ಆಶಾ, ಅಷ್ಟ."

ಹುಸಿಬಾರು ಎಂದರೆ ಗುಂಡಿಲ್ಲದೆ ಬರೀ ಮದ್ದು ಹಾಕಿ ಹಾರಿಸುವುದು. ಆ ಮಾತು ಕೇಳಿದ್ದೇ ತಡ, ದಸ್ತಗೀರಸಾಬರಿಗೆ ತಂದೆಯ ನೆನಪಾಯಿತು.

ಅವರ ತಂದೆ ಫಕ್ರುಸಾಬರು ಒಮ್ಮೆ ಕುಂದಗೋಳದ ಕಡೆಯ ರೈತನೊಬ್ಬನ ಒತ್ತಾಯಕ್ಕೆ ಕಟ್ಟುಬಿದ್ದು, ಬಿರಿದ ನಳಿಗೆಗೆ ಹಿತ್ತಾಳೆಯ ತೇಪೆ ಹಾಕಿ ಕೊಟ್ಟಿದ್ದರು. ಹೊಲದಲ್ಲಿ ಬಾರು ಹಾರಿಸಿದಾಗ ಆ ತೇಪೆಯೇ ಹಾರಿ ರೈತನ ಒಂದು ಕಣ್ಣು ಹೋಯಿತು. ಆತ ಜಗಳಕ್ಕೆ ಬರಲಿಲ್ಲ. ಸಂತೆಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ನಿಂತು, ಆರಾಮ ಅದೀರೇನ್ರಿ ಎಂದು ಕೇಳಿ ಹೋಗುತ್ತಿದ್ದ. "ಅಂವ ಬೈದಿದ್ರ ನಮ್ಮಪ್ಪ ಇನ್ನ ನಾಕ ವರ್ಷ ಬದುಕ್ತಿದ್ನೋ ಏನೋ," ಎನ್ನುತ್ತಾರೆ ದಸ್ತಗೀರಸಾಬರು.

ಗೊತ್ತು ಮಾಡಿದ ದಿನ ಹವಾಲ್ದಾರ ಬಂದೂಕು ಹಿಡಿದು ಬಂದ, ದೇಸಾಯರೂ ಬಂದರು. ಬಂದೂಕನ್ನು ಇಕ್ಕಳದಲ್ಲಿ ಬಿಗಿದು ದಸ್ತಗೀರಸಾಬರು ಬೈರಿಗೆ ತಿರುಗಿಸಿದರು. "ಎಂಬತ್ತ ವರ್ಷ ಯಾರ್‍ಯಾರೋ ಎಣ್ಣಿ ಹಚ್ಚಿ ಮಗುವಿನಂಗ ಜ್ವಾಪಾನ ಮಾಡಿದ್ರರಿ ಅದನ್ನ. ಸರಕಾರದ ಮ್ಯಾಲೂ ಸಿಟ್ಟ ಬಂತು, ಧಣ್ಯಾರ ಮ್ಯಾಲೂ ಸಿಟ್ಟ ಬಂತು. ಅಳೂನೂ ಬಂತ್ರಿ." ಕಿರುಬೆರಳು ಹೋಗುವಷ್ಟು ತೂತು ಬಿತ್ತು. ಹವಾಲ್ದಾರ ಸಹಿ ಮಾಡಿ ನಡೆದ. ದಸ್ತಗೀರಸಾಬರು ನಳಿಗೆ ಒರೆಸಿ, ಬಂದೂಕನ್ನು ಬಟ್ಟೆಯಲ್ಲಿ ಸುತ್ತತೊಡಗಿದರು.

"ಬಿರಡಿ?" ಎಂದರು ದೇಸಾಯರು.

"ಆಗೂದಿಲ್ರಿ ಧಣ್ಯಾರ. ಬಾರ ಮಾಡಿದ್ರ ಬಿರಡೀನ ಗುಂಡಾಗಿ ಹಾರ್ತೈತಿ. ಹಾರಿಸಿದವರಿಗೇ ಬಡೀತೈತಿ."

"ಹಂಗನ್ನಬ್ಯಾಡ್ರಿ. ನಿಮಗ ಠಾಣೇದ ಅಂಜಿಕಿ, ಅದನ್ನ ಹೇಳ್ರಿ ನೆಟ್ಟಗ."

ಎರಡನೆಯ ಕಪ್ಪು ಚಹಾ ಬಂದದ್ದು ಹಾಗೆಯೇ ಆರಿತು. ದೇಸಾಯರು ಬಂದೂಕನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟವರು ತಿರುಗಿ ನೋಡಲಿಲ್ಲ. ಮತ್ತೆ ಬರಲೂ ಇಲ್ಲ.

ಮೊನ್ನೆ ಮಹಾನವಮಿ ಬಂತು. ದಸ್ತಗೀರಸಾಬರು ನಸುಕಿಗೇ ಎದ್ದು, ಇಸ್ತ್ರಿಯ ಕೋಟು ತೊಟ್ಟು, ರುಮಾಲು ಸುತ್ತಿ ಅಂಗಡಿಯಲ್ಲಿ ಕುಳಿತರು. ಸಿಟ್ಟು ಎಷ್ಟಿದ್ದರೂ ಪದ್ಧತಿ ಪದ್ಧತಿಯೇ, ಮೂರು ತಲೆಮಾರಿನದು, ಕರೆ ಬಂದೇ ಬರುತ್ತದೆಂದು ಅವರ ನಂಬಿಕೆ. ಓಣಿಯ ತುದಿಯಲ್ಲಿ ಗೆಜ್ಜೆಯ ಸದ್ದು ಕೇಳಿದಾಗಲೆಲ್ಲ ಎದ್ದು ನಿಂತರು. ಟಾಂಗಾಗಳು ಬಂದವು, ಹೋದವು, ಒಂದೂ ಈ ಬಾಗಿಲಿಗೆ ನಿಲ್ಲಲಿಲ್ಲ. ಕೋಟು ಕೊಳೆಯಾಗುತ್ತದೆಂದು ಅಂದು ಕೆಲಸಕ್ಕೂ ಕೈ ಹಚ್ಚಲಿಲ್ಲ. ಮಧ್ಯಾಹ್ನ ಇಳಿದ ಮೇಲೆ ಬಾಗಿಲು ಹಾಕಿದರು. ಅಂಥ ಒಂಟಿತನ ಹೆಂಡತಿ ಹೋದ ದಿನವೂ ತಮಗೆ ಆಗಿರಲಿಲ್ಲ ಎನ್ನುತ್ತಾರೆ.

ದಸರೆಯ ಮರುದಿನ ದೇಸಾಯರ ವಾಡೆಯಲ್ಲಿ ಕಸಮುಸುರೆ ಮಾಡುವ ಮಾಳವ್ವ ಹುಬ್ಬಳ್ಳಿಯ ಪೇಟೆಗೆ ಬಂದವಳು ಅಂಗಡಿಗೂ ಬಂದಳು. ಯಾರೂ ಕಳಿಸಿದ್ದಲ್ಲ, ತಾನಾಗಿಯೇ ಬಂದದ್ದು. ಸೆರಗಿನ ಗಂಟಿನಿಂದ ನಾಲ್ಕು ಬನ್ನಿಯ ಎಲೆ ತೆಗೆದು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸಾಬರ," ಎಂದು ಕೈಗಿಟ್ಟಳು. ಹಲಗೆಯ ಮೇಲೆ ಕುಳಿತೂ ಕುಳಿತಳು. ಆ ಹಲಗೆಗೆ ಎಷ್ಟೋ ದಿನದ ಮೇಲೆ ಒಂದು ಜೀವ.

"ಬಂದೂಕ ಪೂಜಿಗೆ ಇಟ್ರೇನವ್ವ?"

"ಇಟ್ರರಿ, ನಟ್ಟನಡುವ ಇಟ್ರು. ತೂತ ಕಾಣಬಾರದಂತ ಕುಂಕುಮಾ ಗಂಧಾ ಕಲಸಿ ಮೆತ್ತಿದ್ರು. ಪೂಜಿ ಮಾಡೂ ಅಯ್ಯಗೋಳು ನಡೀತೈತಿ ಅಂದ್ರಂತ."

ತೂತು ಬಿದ್ದ ಬಂದೂಕಿಗೆ ಮಣೆಯ ಮೇಲೆ ಜಾಗ ಸಿಕ್ಕಿತ್ತು. ತೂತು ಹಾಕಿದವರಿಗೆ ಸಿಕ್ಕಿರಲಿಲ್ಲ. ಮಾಳವ್ವ ತನ್ನ ಪಾಡಿಗೆ ಹೇಳುತ್ತ ಹೋದಳು.

"ಆಮ್ಯಾಲಿನ ಮಜಾ ಕೇಳ್ರಿ. ಸಣ್ಣ ಧಣ್ಯಾರು ಜರಾ ಮದ್ದ ಸುರಕೊಂಡು, ಬಂದೂಕ ಮುಗಲಿಗೆ ಮಾಡಿ ಹಾರಿಸೇ ಬಿಟ್ರು. ಢಂ ಅನ್ನಬೇಕಿಲ್ರಿ? ಬುಸ್ ಅಂತು! ಮೆತ್ತಿದ ಕುಂಕುಮೆಲ್ಲಾ ಹಾರಿ ಮಾರಿಗೆ ಬಡೀತು. ಹೊಸ ಸೊಸಿ ಸೈತ ಸೆರಗ ಬಾಯಿಗೆ ಹಿಡಕೊಂಡು ನಕ್ಕಳು. ಸಾಬರು ಬಂದೂಕಿನ ಜೀವಾನ ತಗದಾರ ಅಂತ ದೊಡ್ಡ ಧಣ್ಯಾರೂ ನಕ್ಕರ್ರಿ."

ದಸ್ತಗೀರಸಾಬರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. "ಮಾರ್‍ಯಾಗ ಎಲ್ಲಿ ಬಡೀತವ್ವ?"

"ಇಲ್ನೋಡ್ರಿ," ಎಂದು ಮಾಳವ್ವ ತನ್ನ ಎಡಗಣ್ಣಿನ ಮೇಲೆ ಬೆರಳಿಟ್ಟಳು. "ಉರೀತೈತಿ ಅಂತ ನೀರ ಗೊಜ್ಜಿಕೊಂಡ್ರು, ಅಷ್ಟ. ಯಾಕ್ರಿ ಸಾಬರ, ಹಂಗ್ಯಾಕ ನೋಡಾಕತ್ತೀರಿ?"

ಕುಂಕುಮ ಕೂತಿದ್ದ ಆ ಜಾಗದಲ್ಲಿ ಕಬ್ಬಿಣದ ಬಿರಡೆ ಕೂರಬೇಕಾಗಿತ್ತು. ಹಾರಿದ ಕುಂಕುಮ ಎಲ್ಲಿಗೆ ಬಡಿಯಿತೋ ಬಿರಡೆಯೂ ಅಲ್ಲಿಗೇ ಬಡಿಯುತ್ತಿತ್ತು. ಇದನ್ನು ಅವರು ಬಿಡಿಸಿ ಹೇಳಿದಾಗ ಮಾಳವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಬಳಿಕ ದಡಬಡಿಸಿ ಎದ್ದಳು.

"ಈಗಿಂದೀಗ ಹೋಗಿ ಧಣ್ಯಾರಿಗೆ ಹೇಳ್ತೇನ್ರಿ. ನಾಳಿಗೇ ಟಾಂಗಾ ಬರ್ತೈತಿ ನೋಡ್ರಿ ನಿಮಗ."

"ಬ್ಯಾಡವ್ವ ಮಾಳವ್ವ. ಹೇಳಿದ್ರ, 'ಬಿರಡಿ ಹಾಕ್ರಿ ಅಂದವ ನಾನ' ಅಂತ ಧಣ್ಯಾರು ಮಗನ ಮಾರಿ ನೋಡಿದಾಗೊಮ್ಮೆ ಸಾಯ್ತಾರ. ನಮ್ಮಪ್ಪನ್ನ ನೋಡೇನಿ ನಾ. ನಕ್ಕಾರಲ್ಲ, ನಗಲಿ ಬಿಡು."

ಮಾಳವ್ವ ಆಣೆ ಇಟ್ಟು ಹೋದಳು, ಇಂದಿನವರೆಗೂ ಹೇಳಿಲ್ಲ. ಟಾಂಗಾ ಬಂದಿಲ್ಲ, ದೇಸಾಯರೂ ಬಂದಿಲ್ಲ. ಹೊತ್ತು ಏರಿದೆ, ಕೈಯಲ್ಲಿದ್ದ ನಳಿಗೆಯ ಕೆಲಸ ನಾಳೆಗೆ ಹೋಯಿತು. ಬರುವ ಮಹಾನವಮಿಯ ಮಾತು ತೆಗೆದರೆ ದಸ್ತಗೀರಸಾಬರು ನಳಿಗೆಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ.

"ಕರದ್ರ ಓಡಿಕೋಂತ ಹೋಗ್ತೇನ್ರಿ, ಸುಳ್ಳ ಯಾಕ ಹೇಳ್ಲಿ," ಎನ್ನುತ್ತಾರೆ. "ಕರೀಲಿಲ್ಲ ಅಂದ್ರ ಇಲ್ಲೇ ಕುಂತಿರ್ತೇನಿ. ಅಲ್ಲಿ ಪೂಜಿ ಆಗ್ತಿರ್ತೈತಿ, ಸಣ್ಣ ಧಣ್ಯಾರು ಎರಡೂ ಕಣ್ಣೀಲೆ ನೋಡ್ತಿರ್ತಾರ."